ಇನ್ನೂ ಮುಗಿಯದ ಸಿನಿಮಾ ಸರಣಿಯ ಬಾಕ್ಸ್ ಸೆಟ್ ಈಗಲೇ ಕೊಳ್ಳಬೇಕೆ, ಕಾಯಬೇಕೆ?

ಸರಣಿಯ ಡಿಸ್ಕ್‌ಗಳನ್ನೆಲ್ಲ ಒಟ್ಟಿಗೆ ಮಾರುವ ಪೆಟ್ಟಿಗೆಯ ಮೇಲೆ 'ಕಂಪ್ಲೀಟ್' ಎಂದು ಅಚ್ಚಾಗಿದ್ದರೆ ಅದನ್ನು 'ಇವತ್ತಿನವರೆಗೆ' ಎಂದು ಓದಿಕೊಳ್ಳಿ. ಸ್ಟಾರ್ ವಾರ್ಸ್‌ನ ಆರು ಚಿತ್ರಗಳ 'ಕಂಪ್ಲೀಟ್ ಸಾಗಾ' ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕ್) ಬಂದದ್ದು 2011ರಲ್ಲಿ. ಮರುವರ್ಷವೇ ಡಿಸ್ನಿ, ಸ್ಟಾರ್ ವಾರ್ಸ್ ತಯಾರಿಸುವ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯನ್ನು ಕೊಳ್ಳುವುದಾಗಿ ಪ್ರಕಟಿಸಿತು. 2015ಕ್ಕೆ ಏಳನೆಯ ಕಂತು ತೆರೆಗೆ ಬಂತು.

ಜೇಮ್ಸ್ ಬಾಂಡ್‌ನವರು ಕೊಂಚ ಪ್ರಾಮಾಣಿಕರು. 2012ರ 'ಬಾಂಡ್ 50' ಸೆಟ್‌ನಲ್ಲಿ 22 ಚಿತ್ರಗಳ ಜೊತೆ, ಆಗಿನ್ನೂ ತೆರೆ ಕಾಣದ 'ಸ್ಕೈಫಾಲ್' ಡಿಸ್ಕಿಗೆಂದು ಖಾಲಿ ಜಾಗ ಬಿಟ್ಟಿದ್ದರು. ಆದರೆ ಒಂದೇ ಜಾಗ! 2015ರ 'ಸ್ಪೆಕ್ಟರ್', 2021ರ 'ನೋ ಟೈಮ್ ಟು ಡೈ' ಎರಡೂ ಪೆಟ್ಟಿಗೆಯ ಹೊರಗೇ ಉಳಿದವು. ಅಂದಹಾಗೆ, ಶಾನ್ ಕಾನರಿ ನಟಿಸಿದ 1983ರ 'ನೆವರ್ ಸೇ ನೆವರ್ ಅಗೇನ್' ಬೇರೆ ನಿರ್ಮಾಪಕರದ್ದು. ಅದನ್ನು ಆ ಸೆಟ್‌ನಲ್ಲಿ ಹುಡುಕಬೇಡಿ.

ನನ್ನ ಕೇಳಿದರೆ, ಕತೆ ಒಂದು ಘಟ್ಟ ಮುಟ್ಟಿದ ಮೂರು ಭಾಗಗಳಂಥವನ್ನು ಸೆಟ್ಟಾಗಿ ಕೊಳ್ಳಿ, ಉಳಿದದ್ದನ್ನು ಬಿಡಿಬಿಡಿಯಾಗಿ. ಕಪಾಟಿನಲ್ಲಿ ಡಬ್ಬಿಗಳು ಒಂದಕ್ಕೊಂದು ಹೊಂದದ ಕಿರಿಕಿರಿ ಇದ್ದದ್ದೇ. ವಿದೇಶದಿಂದ ತರಿಸುವುದಾದರೆ ರೀಜನ್, ಅಂದರೆ ಡಿಸ್ಕ್ ಯಾವ ವಲಯದ ಪ್ಲೇಯರ್‌ನಲ್ಲಿ ಓಡುತ್ತದೆ ಎಂಬುದನ್ನು ನೋಡಿಕೊಳ್ಳಿ: ಬ್ಲೂ-ರೇಗೆ ಭಾರತ 'ಸಿ' ವಲಯ, ಅಮೆರಿಕ 'ಎ'. ಬ್ಲೂ-ರೇಗಿಂತಲೂ ಸ್ಪಷ್ಟ ಚಿತ್ರದ 4ಕೆ ಡಿಸ್ಕ್‌ಗಳಿಗೆ ಈ ತೊಡಕಿಲ್ಲ.