ಮುಚ್ಚಳ ಬೇಗ ತೆರೆಯುವವರು

ಇಷ್ಟಪಟ್ಟ ಕಸುಬನ್ನೇ ಹೊಟ್ಟೆಪಾಡಿಗೆ ಹಿಡಿದವರು ಕೆಲವು ವರ್ಷ ಕಳೆದ ಮೇಲೆ ಒಂದೇ ಪ್ರಶ್ನೆ ಹೊತ್ತು ಸಲಹೆಗೆ ನನ್ನ ಬಳಿ ಬರುತ್ತಾರೆ: ಇದನ್ನು ಬಿಟ್ಟುಬಿಡಲೇ? ಮತ್ತೆ ಮತ್ತೆ ಎದುರಾಗುವ ಆ ಪ್ರಶ್ನೆಯ ಒಂದು ಪ್ರಕರಣ ಇದು. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಸ್ಟೋನ್‌ವೇರ್, ಅಂದರೆ ಹೆಚ್ಚು ಬಿಸಿಗೆ ಸುಟ್ಟ ಗಟ್ಟಿ ಮಣ್ಣಿನ ಪಾತ್ರೆ ಮಾಡುವವರು, ನಡುವಯಸ್ಸಿನವರು. ಮೊದಲು ಗ್ಯಾಸ್ ಕಿಲ್ನ್‌ನಲ್ಲಿ (ಪಾತ್ರೆ ಸುಡುವ ಆವಿಗೆಯಲ್ಲಿ) ಕೋನ್ 10ಕ್ಕೆ, ಅಂದರೆ ಸುಮಾರು 1285 ಡಿಗ್ರಿ ಸೆಲ್ಸಿಯಸ್‌ಗೆ, ರಿಡಕ್ಷನ್‌ನಲ್ಲಿ, ಅಂದರೆ ಆಮ್ಲಜನಕ ಕಡಿಮೆ ಮಾಡಿ, ಸುಡುತ್ತಿದ್ದರು. ಕೋನ್ ಎಂದರೆ ಬಿಸಿಯ ಅಳತೆಗೆ ಒಳಗಿಡುವ, ತಕ್ಕಷ್ಟು ಬೆಂದಾಗ ಬಾಗುವ ಸಣ್ಣ ಶಂಕು. ತಾಮ್ರದ ಗ್ಲೇಜ್ (ಪಾತ್ರೆಯ ಮೇಲಿನ ಗಾಜಿನಂಥ ಲೇಪ) ಅಲ್ಲಿ ಕೆಂಪಾಗುತ್ತಿತ್ತು. ಕೆಲವು ಸಲ ಕಂದಿ, ಕೆಸರು ಬಣ್ಣಕ್ಕೆ ತಿರುಗಿ ಕೆಡುತ್ತಲೂ ಇತ್ತು. ಕಪ್ಪು, ತಟ್ಟೆಗಳ ಆರ್ಡರ್ ಹೆಚ್ಚಿದಾಗ ವಿದ್ಯುತ್ ಕಿಲ್ನ್‌ಗೆ, ಕೋನ್ 6ಕ್ಕೆ, ಸುಮಾರು 1220 ಡಿಗ್ರಿಗೆ ಇಳಿದರು. ಅಲ್ಲಿ ಆಮ್ಲಜನಕಕ್ಕೆ ಕೊರತೆಯಿಲ್ಲ, ಹಾಗಾಗಿ ತಾಮ್ರ ಹಸಿರಾಗುತ್ತದೆ. ಸಲ ಸಲವೂ ಹೆಚ್ಚುಕಡಿಮೆ ಅದೇ ಹಸಿರು. ಗಿರಾಕಿಗೆ ಬೇಕಾದದ್ದೂ ಅದೇ. ‘ಈ ಕಿಲ್ನ್ ಮಾರಿ ಕಟ್ಟಿಗೆಯ ಆವಿಗೆ ಕಟ್ಟಿಸ್ತೀನಿ, ನನ್ನ ಖುಷಿ ಅಲ್ಲೇ ಇದೆ’ ಎನ್ನುವ ತೀರ್ಮಾನದೊಂದಿಗೇ ಬಂದಿದ್ದರು.

ಮೊದಮೊದಲ ಭೇಟಿಗಳಲ್ಲಿ ಕಲೆಯೋ ವ್ಯಾಪಾರವೋ ಎಂಬ ಹಳೆಯ ಜಗಳವೇ ನಡೆಯಿತು. ಅದರಿಂದ ಏನೂ ಗಿಟ್ಟಲಿಲ್ಲ. ತಿರುವು ಬಂದದ್ದು, ತಮ್ಮ ಕೈಗುಣ ಹೋಯಿತು ಎನ್ನುವುದಕ್ಕೆ ಸಾಕ್ಷಿಯಾಗಿ ಸೀಳಿದ ತಟ್ಟೆಗಳನ್ನು ಆಕೆ ತಂದು ಮೇಜಿನ ಮೇಲಿಟ್ಟಾಗ.

ಬಿರುಕಿನ ಅಂಚನ್ನು ಹುಷಾರಾಗಿ ಮುಟ್ಟಿ ನೋಡಲು ಹೇಳಿದೆ. ಬಿಸಿ ಏರುವಾಗಲೇ ಬಿರುಕು ಬಿಟ್ಟಿದ್ದರೆ ಕರಗಿದ ಗ್ಲೇಜ್ ಆ ಅಂಚಿನ ಮೇಲೆ ಹರಿದು ಅದನ್ನು ದುಂಡಗೆ ಮಾಡಿರುತ್ತದೆ. ಇಲ್ಲಿ ಅಂಚು ಹರಿತವಾಗಿತ್ತು. ಅಂದರೆ ಗ್ಲೇಜ್ ಗಟ್ಟಿಯಾದ ಮೇಲೆ, ತಣಿಯುವ ಹೊತ್ತಿಗೆ ಸೀಳಿದ್ದು. ತಣಿಯುವಾಗ ಪಾತ್ರೆಯ ಮಣ್ಣಿನಲ್ಲಿರುವ ಸಿಲಿಕಾ ಹರಳುಗಳು, 573 ಡಿಗ್ರಿಯಲ್ಲಿ ಕ್ವಾರ್ಟ್ಜ್, 226ರ ಆಸುಪಾಸಿನಲ್ಲಿ ಕ್ರಿಸ್ಟೋಬಲೈಟ್, ಇದ್ದಕ್ಕಿದ್ದಂತೆ ಕುಗ್ಗುತ್ತವೆ. ತಟ್ಟೆಯ ಅಂಚಿಗೆ ಗಾಳಿ ಬಡಿದು ಅದು ಮೊದಲೇ ತಣಿದು, ಶೆಲ್ಫ್‌ಗೆ ತಾಗಿದ ನಡುಭಾಗ ಬಿಸಿಯಾಗೇ ಉಳಿದರೆ ಎರಡೂ ಒಟ್ಟಿಗೆ ಕುಗ್ಗುವುದಿಲ್ಲ. ಅಗಲ ತಟ್ಟೆಗಳು ಕಪ್ಪುಗಳಿಗಿಂತ ಹೆಚ್ಚು ಸೀಳುವುದು ಇದಕ್ಕೇ.

‘ಎಷ್ಟು ಡಿಗ್ರಿಗೆ ಮುಚ್ಚಳ ಎತ್ತುತ್ತೀರಿ?’

‘ಇನ್ನೂರೈವತ್ತು. ಒಂದೊಂದ್ಸಲ ಮುನ್ನೂರು.’ ಸ್ವಲ್ಪ ತಡೆದು ಅಂದರು: ‘ತೆಗೆದ್ರೆ ಒಡೆಯುತ್ತೆ ಅಂತ ನಂಗೂ ಗೊತ್ತು. ಒಡೆದಿದ್ರೆ ಬೇಗ ಗೊತ್ತಾಗ್ಲಿ ಅಂತ ತೆಗೀತೀನಿ.’

ಅಲ್ಲಿಂದ ಮಾತು ಕಲೆಯನ್ನು ಬಿಟ್ಟು ಆರ್ಡರ್ ಪುಸ್ತಕಕ್ಕೆ ಬಂತು. ಆಕೆಯ ಕಿಲ್ನ್‌ಗೆ 60 ಕಪ್ಪು ಹಿಡಿಯುತ್ತವೆ. ಆಕೆ 60ಕ್ಕೇ ಮಾತು ಕೊಡುತ್ತಿದ್ದರು. ಕಿಲ್ನ್ ತಣಿದ ಮರುದಿನವೇ ಸಾಗಿಸುವ ದಿನ. ಒಂದು ಕಪ್ಪಿನ ಹಿಡಿಕೆ ಬಿರುಕು ಬಿಟ್ಟರೂ, ಒಂದರ ಗ್ಲೇಜಿನಲ್ಲಿ ಸೂಜಿರಂಧ್ರ ಬಿದ್ದರೂ ಕೊಟ್ಟ ಮಾತು ತಪ್ಪುತ್ತದೆ. ಇಂಥ ಲೆಕ್ಕ ಇಟ್ಟುಕೊಂಡವರಿಗೆ ಕಿಲ್ನ್ ತೆರೆಯುವುದು ಖುಷಿ ಕೊಡಬೇಕೆಂದರೆ ಎಲ್ಲಿಂದ ಕೊಟ್ಟೀತು? ಬೆಂಕಿ ಕಟ್ಟಿಗೆಯದೋ ಕರೆಂಟಿನದೋ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೊಟ್ಟ ಸಲಹೆ ಹೀಗಿತ್ತು. 60 ಹಿಡಿದರೆ 48ಕ್ಕೆ ಮಾತ್ರ ಆರ್ಡರ್ ಒಪ್ಪುವುದು, ತಾರೀಕು ಹೇಳುವಾಗ ಇನ್ನೊಂದು ಸುಡುವಿಕೆಯನ್ನು ಸೇರಿಸಿಯೇ ಹೇಳುವುದು. ಬರಿಗೈಯಲ್ಲಿ ಪಾತ್ರೆ ಎತ್ತುವಷ್ಟು ತಣಿಯುವವರೆಗೆ ಮುಚ್ಚಳವಿರಲಿ, ಇಣುಕುಕಿಂಡಿಯ ಬೆಣೆಯನ್ನೂ ತೆಗೆಯದಿರುವುದು. ಪರದೆಯ ಮೇಲಿನ ಅಂಕಿಗಿಂತ ಶೆಲ್ಫ್ ಮೇಲಿಟ್ಟ ಕೋನ್ ಬಾಗಿದ್ದನ್ನು ನಂಬುವುದು. ಕಿಲ್ನ್ ಕಾಯಿಸುವ ತಂತಿ (ಎಲಿಮೆಂಟ್) ಹಳತಾದಷ್ಟೂ ಬಿಸಿ ನಿಧಾನವಾಗಿ ಏರುತ್ತದೆ, ಅಂಕಿ ಅಷ್ಟೇ ಇದ್ದರೂ ಗ್ಲೇಜ್ ಹೆಚ್ಚು ಬೆಂದಿರುತ್ತದೆ.

ಇನ್ನೊಂದು ಸಲಹೆಯನ್ನು ಬೇಕೆಂದೇ ಕಾಯುವ ಕೆಲಸಕ್ಕೆ ಕಟ್ಟಿಕೊಟ್ಟೆ. ಕಬ್ಬಿಣ ಹೆಚ್ಚಿರುವ ಗ್ಲೇಜನ್ನು 1000ದಿಂದ 760ರವರೆಗೆ ಗಂಟೆಗೆ ಸುಮಾರು 50 ಡಿಗ್ರಿಯಂತೆ ಇಳಿಸಿದರೆ ಅದರಲ್ಲಿ ಸಣ್ಣ ಹರಳು ಕಟ್ಟುತ್ತವೆ. ಹೊಳಪಿನ ಕಪ್ಪು ಬಣ್ಣ ಮಂಕಾಗಿ ಕಂದುಗೆಂಪಿಗೆ ತಿರುಗಬಹುದು. ಇಷ್ಟು ಕರಾರುವಾಕ್ಕಾಗಿ ಇಳಿಸುವುದು ವಿದ್ಯುತ್ ಕಿಲ್ನ್‌ಗೆ ಸುಲಭ. ಪ್ರತಿ ಸಲವೂ ಅರ್ಧ ಶೆಲ್ಫ್ ಮಾರಾಟಕ್ಕಿಲ್ಲದ ಇಂಥ ಪ್ರಯೋಗಗಳಿಗೆ. ಅದು ಎಲ್ಲಕ್ಕಿಂತ ಕೆಳಗಿನ ಶೆಲ್ಫ್ ಆಗಿರಲಿ, ಪ್ರತಿ ಪಾತ್ರೆಯ ಅಡಿಗೂ ಹರಿದ ಗ್ಲೇಜ್ ಹಿಡಿಯುವ ಬಿಸ್ಕ್ ಬಿಲ್ಲೆ (ಒಮ್ಮೆ ಸುಟ್ಟ, ಗ್ಲೇಜ್ ಹಚ್ಚದ ಮಣ್ಣಿನ ಬಿಲ್ಲೆ) ಇರಲಿ.

ಕನಸಿಗೆ ಅಡ್ಡಗಾಲು ಹಾಕಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ‘ಮನಸ್ಸು ಹೇಳಿದಂತೆ ನಡೆಯಿರಿ’ ಎನ್ನುವುದು ಸಲಹೆಗಾರರಿಗೆ ಖರ್ಚಿಲ್ಲದ ಮಾತು. ಕಟ್ಟಿಗೆಯ ಆವಿಗೆ ಒಂದು ದಿನದಿಂದ ಹಲವು ದಿನಗಳವರೆಗೆ ಉರಿಯಬೇಕು, ಪಾಳಿಯಲ್ಲಿ ಕಟ್ಟಿಗೆ ಹಾಕಲು ಜನ ಬೇಕು, ಬೂದಿ ಯಾವ ಪಾತ್ರೆಯ ಮೇಲೆ ಎಷ್ಟು ಕೂರುತ್ತದೆ ಎಂಬುದು ಅದು ನಿಂತ ಜಾಗವನ್ನು ಅವಲಂಬಿಸಿದೆ. ನಷ್ಟವೂ ಹೆಚ್ಚು. ದೊಡ್ಡ ಆವಿಗೆ ತಣಿಯಲು ಮತ್ತೆ ದಿನಗಳೇ ಬೇಕು. 250 ಡಿಗ್ರಿಯಲ್ಲಿ ತಾಳ್ಮೆ ತಪ್ಪುವವರನ್ನು, ಅದೂ ಅದೇ ಆರ್ಡರ್ ಪುಸ್ತಕದೊಂದಿಗೆ, ಅಲ್ಲಿಗೆ ಕಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಬೇಡವೇ ಬೇಡ ಎಂದೂ ಹೇಳಿಲ್ಲ. ಬೇರೊಬ್ಬರ ಆವಿಗೆಯಲ್ಲಿ ಒಂದು ಶೆಲ್ಫ್ ಜಾಗ ಬಾಡಿಗೆಗೆ ಪಡೆದು, ಒಂದು ಪಾಳಿ ಕಟ್ಟಿಗೆ ಹಾಕಿ ಬರಬಹುದು. ಷರತ್ತು ಒಂದೇ: ಆ ಶೆಲ್ಫಿನಲ್ಲಿ ಆರ್ಡರಿನ ಪಾತ್ರೆ ಒಂದೂ ಇರಕೂಡದು. ಆಕೆ ಇದಕ್ಕೆ ಅರೆಮನಸ್ಸಿನಿಂದ ಒಪ್ಪಿದ್ದಾರೆ. 48ರ ಲೆಕ್ಕಕ್ಕೆ ಮಾತ್ರ ಇನ್ನೂ ಚೌಕಾಸಿ ನಡೆದಿದೆ.