ಮೊದಲ ಮೇಲ್‌ನಲ್ಲೇ ಫೀಸ್ ಮಾತು ಬೇಡ

ನಮಸ್ಕಾರ ಸರ್. ಆದಾಯ ತೆರಿಗೆ (ಐಟಿ) ರಿಟರ್ನ್ ತುಂಬಿಕೊಡುವ ನಿಮ್ಮ ಬಳಿ, ಅದಕ್ಕೆ ಬೇಕಾದ ದಾಖಲೆಗಳ ಪಟ್ಟಿಗಾಗಿ ಜನ ಇಮೇಲ್ ವಿಳಾಸ ಕೊಡ್ತಾರೆ, ಆಮೇಲೆ ಸುದ್ದಿಯೇ ಇಲ್ಲ, ಫೀಸ್ ವಿಷಯ ಯಾವಾಗ ಎತ್ತಲಿ ಅಂತ ಕೇಳಿದ್ದೀರಿ.

ಮೊದಲ ಮೇಲ್‌ನಲ್ಲಂತೂ ಬೇಡ. ತಾನಾಗಿಯೇ ಹೋಗುವ ಮೂರು ಮೇಲ್‌ಗಳ ಸರಣಿ ಮಾಡಿ. ಪಟ್ಟಿ ಕೇಳಿದ ಕೂಡಲೇ ಹೋಗಲಿ. ಪ್ಯಾನ್, ಪೋರ್ಟಲ್ ಪಾಸ್‌ವರ್ಡ್ ಮೇಲ್‌ನಲ್ಲಿ ಕೇಳುವುದಿಲ್ಲ ಅಂತ ಅದರಲ್ಲೇ ಬರೆದುಬಿಡಿ. ತೆರಿಗೆ ಇಲಾಖೆ ಹೆಸರಲ್ಲಿ ಮೋಸದ ಮೇಲ್ ಬರುವ ಕಾಲ ಇದು. ಕೊನೆಗೆ ಒಂದೇ ಪ್ರಶ್ನೆ: "ರಿಟರ್ನ್ ಯಾವ ವರ್ಷದ್ದೋ ಆ ವರ್ಷ ಕೆಲಸ ಬದಲಾಯಿಸಿದ್ದಿರಾ?"

ಹೌದು ಎಂದವರ ಬಳಿ ಎರಡು ಫಾರಂ 16 (ಸಂಬಳ, ಕಡಿತವಾದ ತೆರಿಗೆಯ ಬಗ್ಗೆ ಕಂಪನಿ ಕೊಡುವ ಪ್ರಮಾಣಪತ್ರ) ಇರುತ್ತವೆ. ಹಳೆಯ ಸಂಬಳದ ವಿವರ ಹೊಸ ಕಂಪನಿಗೆ ಕೊಟ್ಟಿಲ್ಲದಿದ್ದರೆ ಎರಡೂ ಕಂಪನಿಯವರು ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮುನ್ನ ಸಂಬಳದಿಂದ ಬಿಡುವ ನಿಗದಿತ ಮೊತ್ತ) ಕಳೆದು ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆ) ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಕಡಿತವಾದ ತೆರಿಗೆ ಸಾಲದೆ, ರಿಟರ್ನ್ ತುಂಬುವಾಗ ಉಳಿದದ್ದನ್ನು ಕೈಯಿಂದ ಕಟ್ಟಬೇಕಾಗಿ ಬಂದು ಜನ ಗಾಬರಿಯಾಗುತ್ತಾರೆ. ಎರಡನೇ ಮೇಲ್‌ನಲ್ಲಿ ಇದನ್ನೇ ಲೆಕ್ಕ ಸಮೇತ ಬಿಡಿಸಿ ತೋರಿಸಿ. ತಮ್ಮದೇ ತೊಂದರೆಯನ್ನು ಮೊದಲೇ ಹೇಳಿದವರ ಮೇಲೆ ನಂಬಿಕೆ ಬಂದೇ ಬರುತ್ತದೆ.

ಮೂರನೆಯ ಮೇಲ್ ಎಐಎಸ್ (ನಮ್ಮ ಆದಾಯದ ಬಗ್ಗೆ ತೆರಿಗೆ ಇಲಾಖೆ ಬಳಿ ಇರುವ ವಾರ್ಷಿಕ ಮಾಹಿತಿ ಪಟ್ಟಿ) ಬಗ್ಗೆ. ಎಫ್‌ಡಿ ಬಡ್ಡಿ ಅಲ್ಲಿ ಕಾಣುತ್ತದೆ, ಎಷ್ಟೋ ಜನ ರಿಟರ್ನ್‌ನಲ್ಲಿ ಅದನ್ನು ತೋರಿಸುವುದೇ ಇಲ್ಲ. ಫೀಸ್ ಎಷ್ಟು, ಅದರಲ್ಲಿ ಏನೇನು ಸೇರಿದೆ ಅಂತ ಇಲ್ಲಿ ನೇರವಾಗಿ ಬರೆಯಿರಿ. "ವಿವರಕ್ಕೆ ಸಂಪರ್ಕಿಸಿ" ಅನ್ನಬೇಡಿ ಸರ್, ಜನ ಹಿಂಜರಿಯುವುದು ಅಲ್ಲೇ.

ಯಾರೇ ಉತ್ತರ ಬರೆದರೂ ಅವರನ್ನು ಆಟೊಮ್ಯಾಟಿಕ್ ಸರಣಿಯಿಂದ ತೆಗೆದು, ನೀವೇ ಕೂತು ಉತ್ತರಿಸಿ. ಗಿರಾಕಿ ಸಿಗುವುದು ಆ ಪತ್ರದಿಂದಲೇ.

ಅಂದಹಾಗೆ, 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಬಿಗಿಯಾಗಿದೆ. ನಿಮ್ಮ ಡೊಮೇನ್‌ಗೆ (ಮೇಲ್ ವಿಳಾಸದಲ್ಲಿ @ ನಂತರದ ಹೆಸರು) ಎಸ್‌ಪಿಎಫ್, ಡಿಕೆಐಎಂ, ಅಂದರೆ ಮೇಲ್ ನಿಜಕ್ಕೂ ನಿಮ್ಮಿಂದಲೇ ಬಂತು ಅಂತ ತೋರಿಸುವ ಸೆಟ್ಟಿಂಗ್‌ಗಳನ್ನು ಹಾಕಿಸಿದ್ದೀರಾ ನೋಡಿ. ಇಲ್ಲದಿದ್ದರೆ ಇಷ್ಟು ದಿನದ ಮೇಲ್‌ಗಳು ಸ್ಪ್ಯಾಮ್‌ಗೆ ಹೋಗಿರಬಹುದು.