ಚೀಪ್ ಮ್ಯಾಂಗೋಸ್ ಅಂತ ಮಾತ್ರ ಬರೆಯಬೇಡಿ ಅಣ್ಣ

ಅಣ್ಣ, ಶ್ರೀನಿವಾಸಪುರದಿಂದ ನೀವು ಹಾಕಿದ ಪ್ರಶ್ನೆ ಓದಿದೆ. ತೋಟದ ದಪ್ಪ ಬಾದಾಮಿ ಮಾವು ಎಲ್ಲ ಮಂಡಿಗೆ ಹೋಗಿದೆ. ಉಳಿದ ಸಣ್ಣ ಹಣ್ಣು, ಮಚ್ಚೆ ಬಿದ್ದ ಹಣ್ಣನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ನೇರವಾಗಿ ಕೊಡೋಣ ಅಂತ ‘ಚೀಪ್ ಮ್ಯಾಂಗೋಸ್, ಲೋ ಕ್ವಾಲಿಟಿ, ಚೀಪ್ ರೇಟ್’ ಎಂದು ಬರೆದಿರಿ. ಒಬ್ಬರೂ ಕೇಳಲಿಲ್ಲ. ನಿಮ್ಮ ಹಣ್ಣು ಚೆನ್ನಾಗಿಯೇ ಇದೆ. ಬರೆದ ಪದ ಅದನ್ನು ಕೆಡಿಸಿತು.

ನಾನು ಹುಣಸೆಹಣ್ಣು, ರಾಗಿ ಹುರಿಹಿಟ್ಟು ಮಾರಲು ಶುರು ಮಾಡಿದಾಗ ಪಟ್ಟಿಯಲ್ಲಿ ಇದೇ ‘ಚೀಪ್’ ಬರೆದಿದ್ದೆ. ಅಂಗಡಿಯವರೊಬ್ಬರು ಅದನ್ನು ಓದಿ, ಬೆಲೆ ಕೇಳುವ ಮೊದಲೇ “ಮಾಲು ಹಳೇದಾ?” ಎಂದರು. ಅವತ್ತಿನಿಂದ ಈ ಪದಗಳನ್ನು ಗಮನಿಸುತ್ತಾ ಬಂದಿದ್ದೇನೆ.

ನಾವು ಕನ್ನಡದಲ್ಲೇ ‘ಚೀಪಾಗಿ ಆಡಬೇಡ’ ಅಂತೀವಿ, ಅಲ್ವಾ? ಅಲ್ಲಿ ಬೆಲೆಯ ಮಾತೇ ಇಲ್ಲ, ನಡತೆಯ ಮಾತು. ಇಂಗ್ಲಿಷ್‌ನಲ್ಲೂ ಹಾಗೇ. ಹಿಂದೆ ಆ ಪದಕ್ಕೆ ವ್ಯಾಪಾರ ಅಂತಲೇ ಅರ್ಥ ಇತ್ತು. ಲಂಡನ್ನಿನ ಚೀಪ್‌ಸೈಡ್ ಬೀದಿಗೆ ಆ ಹೆಸರು ಬಂದದ್ದು ಅಲ್ಲಿದ್ದ ಮಾರುಕಟ್ಟೆಯಿಂದ. ಈಗ ಮಾತ್ರ ಬೆಲೆಯ ಜೊತೆ ಮಾಲನ್ನೂ ಕೆಳಗೆ ಎಳೆಯುತ್ತದೆ. ದೊಡ್ಡವರಿಗೂ ಇದರ ಬಿಸಿ ತಟ್ಟಿದೆ. 2008ರಲ್ಲಿ ತೋರಿಸಿದ ಟಾಟಾ ನ್ಯಾನೋ ಕಾರಿಗೆ ‘ಚೀಪೆಸ್ಟ್ ಕಾರ್’ ಅನ್ನುವ ಹೆಸರು ಅಂಟಿಕೊಂಡಿತು. ಅದು ಕಾರಿಗೆ ಒಳ್ಳೆಯದು ಮಾಡಲಿಲ್ಲ ಎಂದು ಆಮೇಲೆ ರತನ್ ಟಾಟಾ ಅವರೇ ಹೇಳಿದರು. ಬಹಳ ಕಡಿಮೆ ಹಣ ಇಟ್ಟರೂ ನಡೆಯುವ ಬ್ಯಾಂಕಿನ ‘ನೋ-ಫ್ರಿಲ್ಸ್’ ಖಾತೆಯೂ ಹಾಗೇ. 2005ರಲ್ಲಿ ಬಂದ ಆ ಹೆಸರು ಬಡವರ ಖಾತೆ ಅನ್ನುವ ಹಣೆಪಟ್ಟಿಯಾಯಿತು. 2012ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ‘ಬೇಸಿಕ್’ ಉಳಿತಾಯ ಖಾತೆ ಮಾಡಿತು. ಫ್ರಿಲ್ ಅಂದರೆ ಲಂಗದ ಅಂಚಿಗೆ ಹೊಲಿಯುವ ನೆರಿಗೆ. ಅದು ಇಲ್ಲ ಅಂತ ಹೇಳುವ ಬದಲು ಏನಿದೆ ಅಂತ ಹೇಳುವುದೇ ವಾಸಿ.

ಹಾಗಾದರೆ ಏನು ಬರೆಯಬೇಕು? ಬೆಲೆಯ ಮಾತು ಬೇರೆ, ಹಣ್ಣಿನ ಮಾತು ಬೇರೆ ಇಡಿ.

ಬೆಲೆಗೆ ‘ಅಫರ್ಡಬಲ್’ ಚೆನ್ನಾಗಿದೆ. ಕೊಳ್ಳುವವರ ಕೈಗೆ ಎಟುಕುತ್ತದೆ ಎಂದು ಅರ್ಥ. ‘ರೀಸನಬಲ್’ ಅಂದರೆ ಮಾಲಿಗೆ ತಕ್ಕ ಬೆಲೆ. ‘ಇನ್‌ಎಕ್ಸ್‌ಪೆನ್ಸಿವ್’ ಅಂದರೆ ಬೆಲೆ ಜಾಸ್ತಿ ಇಲ್ಲ, ಅಷ್ಟೇ. ‘ಬಾರ್ಗೇನ್’ ಅನ್ನು ಸುಮ್ನೆ ಹಾಕಬೇಡಿ. ಮಾಮೂಲಿ ಬೆಲೆಗಿಂತ ನಿಜವಾಗಿ ಇಳಿಸಿದಾಗ ಮಾತ್ರ ಅದು ಹೊಂದುತ್ತದೆ. ‘ಎಕಾನಮಿ ಪ್ಯಾಕ್’ ಅಂದರೆ ದೊಡ್ಡ ಪ್ಯಾಕು, ಕಿಲೋ ಲೆಕ್ಕದಲ್ಲಿ ಕಡಿಮೆ ಬೀಳುವಂಥದ್ದು. ಇನ್ನು ‘ಚೀಪ್ ರೇಟ್’ ಇಂಗ್ಲಿಷ್ ಮೇಷ್ಟರು ಒಪ್ಪುವ ಮಾತಲ್ಲ. ಬೆಲೆ ‘ಲೋ’ ಆಗುತ್ತದೆ, ವಸ್ತು ‘ಚೀಪ್’ ಆಗುತ್ತದೆ.

ಹಣ್ಣಿಗೆ ‘ಸೆಕೆಂಡ್ಸ್’ ಎಂದು ಬರೆಯಿರಿ. ನೋಟದಲ್ಲಿ ಸಣ್ಣ ಕುಂದಿದೆ, ಬಳಸಲು ತೊಂದರೆಯಿಲ್ಲ ಎಂದು ಆ ಪದವೇ ಹೇಳುತ್ತದೆ. ಬಟ್ಟೆ ವ್ಯಾಪಾರದಲ್ಲೂ ಇದು ಇದೆ. ‘ಲೋ ಕ್ವಾಲಿಟಿ’ ಅಂದರೆ ಒಳಗೂ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಗ್ಗ ಅಂತ ಮುಗ್ಗಲು ಜೋಳ ತರಲು ಯಾರಿಗೆ ಇಷ್ಟ? ಆದರೆ ಮಚ್ಚೆ ಇದ್ದದ್ದನ್ನು ಮುಚ್ಚಿಡಬೇಡಿ. ‘ಪ್ರೀಮಿಯಂ’ ಅಂತ ಬರೆದು ಮಚ್ಚೆ ಹಣ್ಣು ಕಳಿಸಿದರೆ ಎರಡನೇ ಸಲ ಯಾರೂ ತಗೊಳ್ಳಲ್ಲ. ಡಬ್ಬದ ಬಗ್ಗೆ ‘ಪ್ಲೇನ್ ಪ್ಯಾಕಿಂಗ್’ ಸಾಕು. ಡಬ್ಬ ಮಾತ್ರ ಗಟ್ಟಿ ಇರಲಿ. ಅದು ಕುಸಿದು ಬಂದರೆ ಕೊಂಡವರು ಬಳಸುವ ಪದ ‘ಫ್ಲಿಮ್ಸಿ’, ಅಂದರೆ ಗಟ್ಟಿಯಿಲ್ಲದ್ದು.

ಇನ್ನೊಂದು ವಿಷಯ. ನಮ್ಮ ಸಂತೆಯನ್ನು ‘ಫ್ಲೀ ಮಾರ್ಕೆಟ್’ ಎಂದು ಬರೆದಿದ್ದೀರಿ. ಅದು ಹಳೇ ಸಾಮಾನು ಮಾರುವ ಜಾಗ. ಸಂತೆಗೆ ‘ವೀಕ್ಲಿ ಮಾರ್ಕೆಟ್’, ಕೋಲಾರದ ಎಪಿಎಂಸಿಯಂಥದ್ದಕ್ಕೆ ‘ಹೋಲ್‌ಸೇಲ್ ಮಾರ್ಕೆಟ್’ ಅನ್ನಿ.

ನಾನಾಗಿದ್ದರೆ ಹೀಗೆ ಹಾಕುತ್ತಿದ್ದೆ: ‘ಬಾದಾಮಿ ಮ್ಯಾಂಗೋಸ್ ಫ್ರಮ್ ಅವರ್ ಫಾರ್ಮ್, ಶ್ರೀನಿವಾಸಪುರ. ಸೆಕೆಂಡ್ಸ್: ಸ್ಮಾಲ್ ಫ್ರೂಟ್, ಸಮ್ ಮಾರ್ಕ್ಸ್ ಆನ್ ದ ಸ್ಕಿನ್, ಸೇಮ್ ಟೇಸ್ಟ್. ಪ್ಲೇನ್ ಪ್ಯಾಕಿಂಗ್.’ ಕೆಳಗೆ ಕಿಲೋ ಬೆಲೆಯನ್ನು ಅಂಕಿಯಲ್ಲೇ ಹಾಕಿ. ಕಾರ್ಬೈಡ್ ಹಾಕದೆ ಹಣ್ಣು ಮಾಡಿದ್ದರೆ ‘ಕಾರ್ಬೈಡ್-ಫ್ರೀ’ ಎಂದೂ ಸೇರಿಸಿ. ಮಚ್ಚೆ ಕಾಣುವಂತೆ ಒಂದು ಫೋಟೋ, ಹಣ್ಣು ಕೊಯ್ದು ತೋರಿಸುವ ಇನ್ನೊಂದು ಫೋಟೋ ಇರಲಿ. ಬರೆದ ಮೇಲೆ ಇಲ್ಲೇ ಹಾಕಿ ಅಣ್ಣ, ಕಳಿಸುವ ಮೊದಲು ನೋಡಿ ಹೇಳುತ್ತೇನೆ.